ಐದೂವರೆ ಅಂಕದ ವ್ಯಾಖ್ಯಾನ

“ಇದು ಜೂಜಲ್ಲ ಫಾದರ್, ವಿಶ್ಲೇಷಣೆ.”

2018ರ ಕ್ರಿಸ್ಮಸ್ ರಜೆಗೆ ಊರಿಗೆ ಬಂದಿದ್ದ ಯುವಕನೊಬ್ಬ ಮುದ್ರಿತ ಹಾಳೆಗಳ ಒಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಆಡಿದ ಮಾತಿದು. ಬಾಲ್ಯದಲ್ಲಿ ನನ್ನ ಬಲಿಪೂಜೆಗೆ ಪೀಠಸೇವಕನಾಗಿ ನಿಲ್ಲುತ್ತಿದ್ದವನು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಇಂಜಿನಿಯರ್ ಆಗಿದ್ದ. ಹಾಳೆಗಳಲ್ಲಿದ್ದುದು ಅಲ್ಲಿನ ವೃತ್ತಿಪರ ಫುಟ್ಬಾಲಿನ ಒಂದೇ ಒಂದು ಪಂದ್ಯವನ್ನು ಕುರಿತ ಲೇಖನಗಳು. ಪಂದ್ಯ ನಡೆಯುವ ಮುನ್ನ, ಅದರ ಮೇಲೆ ಬಾಜಿ ಕಟ್ಟುವವರಿಗಾಗಿ ಬರೆದವು. “ನೀವು ಗುರುಮಠದಲ್ಲಿ ಪವಿತ್ರ ಗ್ರಂಥದ ವ್ಯಾಖ್ಯಾನಕ್ರಮವನ್ನು ಬೋಧಿಸುತ್ತೀರಲ್ಲವೇ? ಇವನ್ನೂ ಒಮ್ಮೆ ಓದಿ. ಒಳ್ಳೆಯದು ಕೆಟ್ಟದ್ದು ಎಂದು ಉಪದೇಶ ಬೇಡ, ಬರಹವೆಂದು ಇವುಗಳ ಯೋಗ್ಯತೆ ಎಷ್ಟು, ಅಷ್ಟು ಹೇಳಿ” ಎಂದ. ಅವನು ಪಾಪನಿವೇದನೆಗೆ ಬಂದಿರಲಿಲ್ಲ, ವಿಮರ್ಶೆ ಕೇಳಲು ಬಂದಿದ್ದ. ಅಂದು ನಾನು ಕೊಟ್ಟ ಉತ್ತರ ಅರೆಬರೆಯದಾಗಿತ್ತು. ಈಚೆಗೆ ಕಪಾಟು ತೆರವು ಮಾಡುವಾಗ ಆ ಕಟ್ಟು ಮತ್ತೆ ಕೈಗೆ ಸಿಕ್ಕಿತು. ಪೂರ್ತಿ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಓದುಗರಿಗೆ ಆಟದ ಪರಿಚಯ ಅಷ್ಟಾಗಿ ಇರಲಾರದು. ಅಮೆರಿಕದವರು ಫುಟ್ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ ಎದುರಾಳಿಯ ಕೊನೆಯ ಗೆರೆಯನ್ನು ದಾಟಿಸಿದರೆ ಆರು ಅಂಕ, ಅದು ಟಚ್‌ಡೌನ್. ಆ ಬಳಿಕ ಕಂಬಗಳ ನಡುವೆ ಚೆಂಡನ್ನು ಒದ್ದರೆ ಇನ್ನೊಂದು ಅಂಕ. ಗೆರೆ ದಾಟಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳುಹಿಸಿದರೆ ಮೂರು. ತಂಡದ ಸೂತ್ರಧಾರನಾಗಿ ಚೆಂಡೆಸೆಯುವವನು ಕ್ವಾರ್ಟರ್‌ಬ್ಯಾಕ್. ಇಷ್ಟು ತಿಳಿದರೆ ನಮ್ಮ ವಿಷಯಕ್ಕೆ ಸಾಕು.

ಬಾಜಿಯ ಬಗೆಯನ್ನು ಮಾತ್ರ ಸ್ವಲ್ಪ ವಿವರಿಸಬೇಕು. ಬಲಿಷ್ಠ ತಂಡ ದುರ್ಬಲ ತಂಡವನ್ನು ಸೋಲಿಸುತ್ತದೆಂದು ಎಲ್ಲರೂ ಬಲ್ಲರಾದರೆ ಎದುರು ಬಾಜಿ ಕಟ್ಟುವವರು ಯಾರು? ಆದುದರಿಂದ ಬುಕ್ಕಿಗಳು ಒಂದು ಸಂಖ್ಯೆಯನ್ನು ಗೊತ್ತುಮಾಡುತ್ತಾರೆ. ಬಲಿಷ್ಠ ತಂಡ ಗೆದ್ದರೆ ಸಾಲದು, ಆ ಸಂಖ್ಯೆಗಿಂತ ಹೆಚ್ಚಿನ ಅಂತರದಿಂದ ಗೆಲ್ಲಬೇಕು. ದುರ್ಬಲ ತಂಡ ಸೋತರೂ ಚಿಂತೆಯಿಲ್ಲ, ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಅದರ ಪರ ಹಣ ಕಟ್ಟಿದವನು ಗೆದ್ದಂತೆ. ಈ ಸಂಖ್ಯೆಯನ್ನು ಅವರು ‘ಲೈನ್’ ಎನ್ನುತ್ತಾರೆ. ನಾವು ಗೆರೆ ಎನ್ನೋಣ. 1940ರ ದಶಕದಲ್ಲಿ ಇದನ್ನು ರೂಢಿಗೆ ತಂದವನೆಂದು ಹೇಳಲಾಗುವ ಚಾರ್ಲ್ಸ್ ಮೆಕ್ನೀಲ್ ಮೊದಲು ಗಣಿತದ ಮೇಷ್ಟ್ರಾಗಿದ್ದವನು ಎಂಬುದು ಗಮನಾರ್ಹ.

ಕಟ್ಟಿನಲ್ಲಿದ್ದ ಲೇಖನಗಳ ಪಂದ್ಯ ನಡೆದದ್ದು 2018ರ ಜನವರಿ 14ರ ಭಾನುವಾರ, ಮಿನಿಯಾಪೊಲಿಸ್‌ನಲ್ಲಿ. ಆತಿಥೇಯರು ಮಿನೆಸೋಟ ವೈಕಿಂಗ್ಸ್, ಅತಿಥಿಗಳು ನ್ಯೂ ಓರ್ಲಿಯನ್ಸ್ ಸೇಂಟ್ಸ್. (ಸಂತರು ಎಂಬ ಹೆಸರಿನ ತಂಡದ ಮೇಲೆ ಬಾಜಿ ಕಟ್ಟುವುದನ್ನು ಕಂಡು ನನಗೆ ನಗು ಬಂದದ್ದು ಸುಳ್ಳಲ್ಲ.) ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಆ ವರ್ಷದ ಅಂತಿಮ ಪಂದ್ಯ ಸೂಪರ್ ಬೌಲ್ ಕೂಡ ಇದೇ ಕ್ರೀಡಾಂಗಣದಲ್ಲಿ ಫೆಬ್ರವರಿ 4ಕ್ಕೆ ನಿಗದಿಯಾಗಿತ್ತು. 1961ರಿಂದ ಆಡುತ್ತಿದ್ದು, ನಾಲ್ಕು ಬಾರಿ ಅಂತಿಮ ಪಂದ್ಯಕ್ಕೆ ಹೋಗಿ ನಾಲ್ಕು ಬಾರಿಯೂ ಸೋತು ಬಂದ ತಂಡ ವೈಕಿಂಗ್ಸ್. ಸ್ವಂತ ಮನೆಯಲ್ಲಿಯೇ ಪ್ರಶಸ್ತಿ ಗೆಲ್ಲುವ ಆಸೆ ಆ ಊರಿನವರಲ್ಲಿ ಎಷ್ಟಿದ್ದೀತು, ಊಹಿಸಬಹುದು. ಪಂದ್ಯದ ದಿನ ಹೆಚ್ಚಿನ ಕಡೆ ಗೆರೆ ಐದೂವರೆ, ಕೆಲವೆಡೆ ಐದು, ವೈಕಿಂಗ್ಸ್ ಬಲಿಷ್ಠರು.

ಈ ಲೇಖನಗಳನ್ನು ಓದಲು ಕುಳಿತಾಗ ಅವು ಕೀಳು ದರ್ಜೆಯ ಬರಹಗಳಾಗಿರುತ್ತವೆ ಎಂಬ ಪೂರ್ವಗ್ರಹ ನನಗಿತ್ತು. ಅದು ತಪ್ಪಾಗಿತ್ತು. ಅವುಗಳ ಹಿಂದಿನ ಪರಿಶ್ರಮ ನಮ್ಮ ಅನೇಕ ಪ್ರಬೋಧನೆಗಳ ಹಿಂದೆಯೂ ಇರುವುದಿಲ್ಲ. ವೈಕಿಂಗ್ಸ್ ಋತುವಿನ 16 ಪಂದ್ಯಗಳಲ್ಲಿ 13ನ್ನು ಗೆದ್ದವರು. ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 252 ಅಂಕ, ಇಡೀ ಲೀಗಿನಲ್ಲಿಯೇ ಕನಿಷ್ಠ. ಸೇಂಟ್ಸ್ ಗೆದ್ದದ್ದು 11. ಹಿಂದಿನ ಭಾನುವಾರ ಕ್ಯಾರೊಲೈನಾ ತಂಡವನ್ನು 31-26ರಿಂದ ಮಣಿಸಿ ಬಂದವರು. ಅವರ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಮರುದಿನ 39ಕ್ಕೆ ಕಾಲಿಡಲಿದ್ದ ಅನುಭವಿ. ಎದುರಿಗೆ ಕೇಸ್ ಕೀನಮ್. 2012ರಲ್ಲಿ ಯಾವ ತಂಡವೂ ಆಯ್ಕೆ ಮಾಡಿಕೊಳ್ಳದೆ ಬಿಟ್ಟಿದ್ದವನು, ಬದಲಿ ಆಟಗಾರನಾಗಿ ಬಂದು ಮುಖ್ಯ ಸ್ಥಾನಕ್ಕೆ ಏರಿದ್ದವನು. ಕ್ರೀಡಾಂಗಣಕ್ಕೆ ಛಾವಣಿ ಇರುವುದರಿಂದ ಹೊರಗಿನ ಹಿಮ ಲೆಕ್ಕಕ್ಕಿಲ್ಲ. ಇವೆಲ್ಲವನ್ನೂ ಲೇಖಕರು ತೂಗಿ ನೋಡಿದ್ದರು.

ಇದೇ ಎರಡು ತಂಡಗಳು ಇದೇ ಅಂಗಳದಲ್ಲಿ 2017ರ ಸೆಪ್ಟೆಂಬರ್ 11ರಂದು ಎದುರಾಗಿದ್ದವು. ವೈಕಿಂಗ್ಸ್ 29-19ರಿಂದ ಗೆದ್ದಿದ್ದರು. ಸಾಮಾನ್ಯ ಓದುಗನಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಅಂದು ವೈಕಿಂಗ್ಸ್ ಪರ ಚೆಂಡೆಸೆದವನು ಸ್ಯಾಮ್ ಬ್ರಾಡ್ಫರ್ಡ್. ಜನವರಿಯ ಹೊತ್ತಿಗೆ ಮೊಣಕಾಲಿನ ತೊಂದರೆಯಿಂದ ಅವನ ಸ್ಥಾನ ಕೀನಮ್‌ಗೆ ಹೋಗಿತ್ತು. ಅಂದು 127 ಗಜ ಓಡಿದ್ದ ಹೊಸ ಹುಡುಗ ಡಾಲ್ವಿನ್ ಕುಕ್ ನಾಲ್ಕನೆಯ ವಾರದಲ್ಲೇ ಗಾಯಗೊಂಡು ಋತುವಿನಿಂದ ಹೊರಬಿದ್ದಿದ್ದ. ಸೇಂಟ್ಸ್ ಕಡೆಯ ಏಡ್ರಿಯನ್ ಪೀಟರ್ಸನ್ ಅಕ್ಟೋಬರಿನಲ್ಲೇ ಬೇರೆ ತಂಡಕ್ಕೆ ಹೋಗಿದ್ದ. ಹೆಸರು ಅದೇ, ಅಂಗಿ ಅದೇ. ತಂಡಗಳು ಮಾತ್ರ ಬೇರೆ. ಪಠ್ಯವನ್ನು ಅದರ ಸಂದರ್ಭದಿಂದ ಕಿತ್ತು ಓದಬಾರದೆಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದವನು ನಾನು. ಈ ಲೇಖಕರಲ್ಲಿ ಉತ್ತಮರಾದವರು ಅದನ್ನು ಯಾರೂ ಹೇಳಿಕೊಡದೆಯೇ ಬಲ್ಲರು. ಆ ಪುಟಗಳನ್ನು ನನ್ನ ವಿದ್ಯಾರ್ಥಿಗಳಿಗೆ ಮಾದರಿಯಾಗಿ ಕೊಡಬಹುದಾಗಿತ್ತು.

ಹಾಗಾದರೆ ದೋಷವೆಲ್ಲಿ?

ವ್ಯಾಖ್ಯಾನಶಾಸ್ತ್ರದಲ್ಲಿ ನಾವು ಮೊದಲು ಕೇಳುವ ಪ್ರಶ್ನೆ: ಇಲ್ಲಿ ಪಠ್ಯ ಯಾವುದು? ಈ ಬರಹಗಳು ತಮ್ಮ ಪಠ್ಯ ಆಟವೆಂದು ಹೇಳಿಕೊಳ್ಳುತ್ತವೆ. ಹಾಳೆ ತಿರುವುತ್ತ ಹೋದಂತೆ ನನಗೆ ಕಂಡದ್ದು ಬೇರೆ. ಅವುಗಳ ನಿಜವಾದ ಪಠ್ಯ ಆ ಐದೂವರೆ. ವೈಕಿಂಗ್ಸ್ ಗೆಲ್ಲುವರೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಅವರ ಬಲಕ್ಕೆ ಕಟ್ಟಿದ ಬೆಲೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದೇ ಪ್ರಶ್ನೆ. ಆ ಬೆಲೆಯನ್ನು ಕಟ್ಟಿದವರು ಯಾರು? ಇದೇ ಗಾಯಗಳ ಪಟ್ಟಿ, ಇದೇ 252 ಅಂಕಗಳ ಲೆಕ್ಕ, ಇದೇ ಸೆಪ್ಟೆಂಬರಿನ ಪಂದ್ಯವನ್ನು ಓದಿಕೊಂಡ ಬುಕ್ಕಿಗಳು ಮತ್ತು ಬಾಜಿದಾರರೇ. ಲೇಖಕನಿಗೆ ಗೊತ್ತಿರುವುದೆಲ್ಲ ಗೆರೆ ಎಳೆದವನಿಗೂ ಗೊತ್ತು. ಎಲ್ಲರಿಗೂ ತಿಳಿದದ್ದು ಆಗಲೇ ಆ ಸಂಖ್ಯೆಯೊಳಗೆ ಕರಗಿಹೋಗಿದೆ. ಹೀಗಿರುವಾಗ ಮೂರು ಪುಟಗಳ ಮಾಹಿತಿ ಓದುಗನನ್ನು ಪಂಡಿತನನ್ನಾಗಿ ಮಾಡೀತೇ ಹೊರತು ಗೆಲ್ಲುವವನನ್ನಾಗಿ ಮಾಡುವುದೆಂದು ನಂಬಲು ಆಧಾರವಿಲ್ಲ. ಮಾಹಿತಿಯ ರಾಶಿಯಿಂದ ಹುಟ್ಟುವ ಭರವಸೆಯೇ ಆ ಬರಹ ಮಾರುವ ಸರಕು.

ಲೆಕ್ಕವನ್ನೂ ನೋಡಿ. ಅಲ್ಲಿನ ರೂಢಿಯಂತೆ 100 ಡಾಲರ್ ಗೆಲ್ಲಲು 110 ಡಾಲರ್ ಒತ್ತೆ ಇಡಬೇಕು. 21 ಬಾಜಿಗಳಲ್ಲಿ 11 ಗೆದ್ದು 10 ಸೋತವನು 1,100 ಗಳಿಸಿ 1,100 ಕಳೆದುಕೊಳ್ಳುತ್ತಾನೆ, ಅಂದರೆ ಎಲ್ಲಿ ಇದ್ದನೋ ಅಲ್ಲೇ ಇರುತ್ತಾನೆ. ನೂರಕ್ಕೆ 52.38ರಷ್ಟು ಸರಿಯಾಗಿ ಊಹಿಸಿದವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಣ್ಯ ಚಿಮ್ಮಿದರೆ ಐವತ್ತು ಸಿಗುತ್ತದೆ. ಆ ಎರಡೂ ಚಿಲ್ಲರೆ ಅಂಶದ ಕಿರುದಾರಿಯಲ್ಲಿ ಇಡೀ ಶಾಸ್ತ್ರ ನಿಂತಿದೆ. ಪ್ರಾಮಾಣಿಕ ಲೇಖಕನಾದರೆ ‘ಈ ಪಂದ್ಯದ ವಿಷಯದಲ್ಲಿ ನನಗೆ ಹೇಳುವಂಥದ್ದೇನೂ ಇಲ್ಲ’ ಎಂದು ಬಹುತೇಕ ವಾರಗಳಲ್ಲಿ ಬರೆಯಬೇಕಾದೀತು. ಆದರೆ ಆ ಪ್ರಕಾರದ ಚೌಕಟ್ಟು ಅದನ್ನು ಒಪ್ಪುವುದಿಲ್ಲ. ಕೊನೆಯ ಸಾಲಿನಲ್ಲಿ ಒಂದು ತಂಡದ ಹೆಸರು ಇರಲೇಬೇಕು.

ಇನ್ನೊಂದು ಸ್ವಾರಸ್ಯವಿದೆ. ಈ ಆಟದಲ್ಲಿ ಅಂಕಗಳು ಮೂರು ಮತ್ತು ಏಳರ ಗಂಟುಗಳಲ್ಲಿ ಬರುವುದರಿಂದ ಗೆಲುವಿನ ಅಂತರವೂ ಮೂರು ಅಥವಾ ಏಳು ಆಗುವುದೇ ಹೆಚ್ಚು. ಗೆರೆ ಎರಡೂವರೆಯೋ ಮೂರೂವರೆಯೋ ಎಂಬುದಕ್ಕೆ ಬಾಜಿದಾರರು ಜಗಳವಾಡುತ್ತಾರೆ. ಐದು ಅಪರೂಪದ ಅಂತರ. ಅಲ್ಲಿ ಅರ್ಧ ಅಂಕ ಆಚೀಚೆಯಾದರೆ ಏನೂ ಆಗದು, ಅದು ಸತ್ತ ಸಂಖ್ಯೆ ಎಂಬುದು ಈ ವಿದ್ಯೆಯ ಪ್ರಾಥಮಿಕ ಪಾಠ. ಐದಕ್ಕೂ ಐದೂವರೆಗೂ ಇರುವ ಅಂತರವನ್ನು ನೆಚ್ಚಿ ಯಾರೂ ನಿದ್ದೆಗೆಡುವುದಿಲ್ಲ.

ಇನ್ನು ಪಂದ್ಯಕ್ಕೆ ಬರೋಣ. ಅರ್ಧ ವಿರಾಮಕ್ಕೆ ವೈಕಿಂಗ್ಸ್ 17, ಸೇಂಟ್ಸ್ ಸೊನ್ನೆ. ಮೂರನೆಯ ಘಟ್ಟದಲ್ಲಿ ವೈಕಿಂಗ್ಸ್‌ನ ಹಿಂಬದಿ ರಕ್ಷಕ ಆ್ಯಂಡ್ರೂ ಸೆಂಡೇಹೊ ತಲೆಗೆ ಪೆಟ್ಟು ಬಿದ್ದು ಹೊರನಡೆದ. ಸೇಂಟ್ಸ್ ಒಂದು ಟಚ್‌ಡೌನ್, ಮತ್ತೊಂದು ಟಚ್‌ಡೌನ್ ಗಳಿಸಿದರು. ವೈಕಿಂಗ್ಸ್ ಒದ್ದ ಚೆಂಡೊಂದನ್ನು ಎದುರಾಳಿಗಳು ಕೈಯೊಡ್ಡಿ ತಡೆದದ್ದೇ ನೆಪವಾಗಿ, ಮೂರು ನಿಮಿಷ ಉಳಿದಿರುವಾಗ ಸೇಂಟ್ಸ್ 21-20ರಿಂದ ಮುಂದಾದರು. 1 ನಿಮಿಷ 29 ಸೆಕೆಂಡು ಉಳಿದಿರುವಾಗ ಕೈ ಫೋರ್ಬತ್ 53 ಗಜ ದೂರದಿಂದ ಒದ್ದ: ವೈಕಿಂಗ್ಸ್ 23-21. ಇಪ್ಪತ್ತೈದು ಸೆಕೆಂಡು ಉಳಿದಿರುವಾಗ ವಿಲ್ ಲುಟ್ಜ್ 43 ಗಜದಿಂದ ಒದ್ದ: ಸೇಂಟ್ಸ್ 24-23. ಹತ್ತು ಸೆಕೆಂಡು ಉಳಿದವು. ಕೀನಮ್ ಬಲ ಅಂಚಿನತ್ತ ಎತ್ತರಕ್ಕೆ ಎಸೆದ. ಸ್ಟೆಫಾನ್ ಡಿಗ್ಸ್ ಜಿಗಿದು ಹಿಡಿದ. ಅವನನ್ನು ಕೆಡವಬೇಕಿದ್ದ ಹೊಸ ಆಟಗಾರ ಮಾರ್ಕಸ್ ವಿಲಿಯಮ್ಸ್ ತಲೆ ತಗ್ಗಿಸಿ ನುಗ್ಗಿದವನು ಡಿಗ್ಸ್‌ನನ್ನು ತಪ್ಪಿಸಿಕೊಂಡು ತನ್ನದೇ ತಂಡದವನಿಗೆ ಡಿಕ್ಕಿ ಹೊಡೆದ. ಡಿಗ್ಸ್ ಕೈಯೂರಿ ಸಾವರಿಸಿಕೊಂಡು ನೋಡಿದರೆ ಮುಂದೆ ಯಾರೂ ಇಲ್ಲ. ಒಟ್ಟು 61 ಗಜ. ಗಡಿಯಾರದಲ್ಲಿ ಸೊನ್ನೆ. 29-24. ಪ್ಲೇಆಫ್ ಪಂದ್ಯವೊಂದು ನಿಗದಿತ ಅವಧಿಯ ಕಟ್ಟಕಡೆಯ ಹೊಡೆತದಲ್ಲಿ ಟಚ್‌ಡೌನಿನಿಂದ ನಿರ್ಣಯವಾದದ್ದು ಆ ಲೀಗಿನ ಇತಿಹಾಸದಲ್ಲಿ ಅದೇ ಮೊದಲು.

ಕೊನೆ ಗಳಿಗೆಯ ಇಂಥ ಹತಾಶ ಎಸೆತವನ್ನು ಅಲ್ಲಿ ‘ನಮೋ ಮರಿಯ’ ಎಂದೇ ಕರೆಯುತ್ತಾರೆ ಎಂದರೆ ನಮ್ಮವರಿಗೆ ಅಚ್ಚರಿಯಾದೀತು. ಆ ಹೆಸರು ಜನಜನಿತವಾದದ್ದೂ ಇದೇ ಮಿನೆಸೋಟದಲ್ಲಿ. 1975ರ ಡಿಸೆಂಬರ್ 28ರಂದು ಡಲ್ಲಾಸ್ ತಂಡದ ರೋಜರ್ ಸ್ಟೌಬಾಕ್, ಕಥೋಲಿಕ ವಿಶ್ವಾಸಿ, ಕಣ್ಣು ಮುಚ್ಚಿ ಆ ಜಪ ಹೇಳಿ ಎಸೆದೆನೆಂದು ಪಂದ್ಯದ ನಂತರ ನುಡಿದ. ಅಂದು 17-14ರಿಂದ ಸೋತವರು ಈ ವೈಕಿಂಗ್ಸ್‌ನವರೇ.

ಆಟ ಮುಗಿಯಿತು. ನಿಯಮ ಮಾತ್ರ ಮುಗಿದಿರಲಿಲ್ಲ. ಟಚ್‌ಡೌನಿನ ನಂತರದ ಹೆಚ್ಚುವರಿ ಅಂಕದ ಯತ್ನವನ್ನು, ಅದರಿಂದ ಫಲಿತಾಂಶ ಬದಲಾಗದಿದ್ದರೂ, ನಡೆಸಲೇಬೇಕೆಂದು ಆಗಿನ ನಿಯಮ. ಅಂಗಳದ ತುಂಬ ಜನ. ಸೇಂಟ್ಸ್ ಆಟಗಾರರು ಒಳಕ್ಕೆ ಹೋಗಿಬಿಟ್ಟಿದ್ದರು. ಕೆಲವರನ್ನು ಹೊರಗೆ ಕರೆತಂದು ನಿಲ್ಲಿಸಬೇಕಾಯಿತು. ಒದ್ದು ಅಂಕ ಗಳಿಸಬಹುದಾಗಿತ್ತು. ವೈಕಿಂಗ್ಸ್ ಅದಕ್ಕೆ ಹೋಗಲಿಲ್ಲ. ಕೀನಮ್ ಚೆಂಡು ಪಡೆದು ಒಂದು ಮೊಣಕಾಲನ್ನು ನೆಲಕ್ಕೂರಿದ. ಹಾಗೆ ಮಾಡಿದರೆ ಆ ಯತ್ನ ಅಲ್ಲಿಗೆ ಸಮಾಪ್ತಿ. ಗೆದ್ದವನು ಸೋತವನ ಮೇಲೆ ಇನ್ನೊಂದು ಅಂಕ ಹೇರದೆ ಬಿಡುವ ಸೌಜನ್ಯ ಅದರಲ್ಲಿದೆ ಎಂದು ನನಗನ್ನಿಸುತ್ತದೆ.

ಒದ್ದಿದ್ದರೆ 30-24, ಅಂತರ ಆರು. ಮೊಣಕಾಲೂರಿದ್ದರಿಂದ ಅಂತರ ಐದು. ಗೆರೆ ಐದೂವರೆ.

ಈಗ ಆ ಹಾಳೆಗಳಿಗೆ ಮರಳಿ ಬನ್ನಿ. ಸೇಂಟ್ಸ್ ಪರ ಬಾಜಿ ಕಟ್ಟಿರೆಂದು ಬರೆದವರೆಲ್ಲ ಸರಿಯಾದರು, ವೈಕಿಂಗ್ಸ್ ಪರ ಬರೆದವರು ತಪ್ಪಾದರು. ಐದು ಎಂದು ಗೆರೆ ಎಳೆದ ಕಡೆ ಇಬ್ಬರಿಗೂ ಒತ್ತೆ ಹಿಂದಕ್ಕೆ. ಬ್ರೀಸ್‌ನ ಅನುಭವ, ಸೇಂಟ್ಸ್ ಓಟಗಾರರ ವೇಗ, ವೈಕಿಂಗ್ಸ್ ರಕ್ಷಣೆಯ ಬಲ, ಇವುಗಳಲ್ಲಿ ಯಾವ ಕಾರಣಕ್ಕೂ ಆ ತೀರ್ಪಿಗೂ ಸಂಬಂಧವಿರಲಿಲ್ಲ. ಆಟ ಮುಗಿದ ಮೇಲೆ, ಎರಡು ತಂಡಗಳಿಗೂ ಬೇಡವಾಗಿದ್ದ ಒಂದು ಶಾಸ್ತ್ರಾಚಾರದಲ್ಲಿ, ಒಬ್ಬನ ಮೊಣಕಾಲು ನೆಲಕ್ಕೆ ತಾಗಿದ್ದೇ ಕಾರಣ. ಇದು ಅಪರೂಪದ ಪ್ರಸಂಗ, ಒಪ್ಪುತ್ತೇನೆ. ಒಂದು ಪಂದ್ಯದಿಂದ ಒಂದು ಪ್ರಕಾರವನ್ನೇ ತೂಗುವುದು ಅನ್ಯಾಯವೆಂದು ಆ ಲೇಖಕರು ಹೇಳಿಯಾರು. ನನ್ನ ಆಕ್ಷೇಪ ಊಹೆ ತಪ್ಪಿತೆಂಬುದಲ್ಲ. ಗಣಿತದ ಮೇಷ್ಟ್ರು ಉತ್ತರ ಮಾತ್ರ ನೋಡದೆ ಲೆಕ್ಕ ಮಾಡಿದ ಹಂತಗಳಿಗೂ ಅಂಕ ಕೊಡುತ್ತಾರೆ. ಈ ಪ್ರಕಾರದಲ್ಲಿ ಹಂತಗಳನ್ನು ತಿದ್ದುವವರೇ ಇಲ್ಲ. ಋತುವಿನ ಕೊನೆಗೆ ಲೇಖಕನ ಹೆಸರಿನ ಮುಂದೆ ಇಷ್ಟು ಸರಿ, ಇಷ್ಟು ತಪ್ಪು ಎಂಬ ಲೆಕ್ಕ ಬೀಳುತ್ತದೆ. ಆ ಲೆಕ್ಕದಲ್ಲಿ ಕೀನಮ್‌ನ ಮೊಣಕಾಲು ಯಾರೋ ಒಬ್ಬನ ಒಳನೋಟವೆಂದು ದಾಖಲಾಗುತ್ತದೆ. ತಪ್ಪು ಕಾರಣದಿಂದ ಸರಿಯಾದವನು ಏನನ್ನೂ ಕಲಿಯುವುದಿಲ್ಲ. ಸರಿಯಾದ ಕಾರಣ ಕೊಟ್ಟು ಸೋತವನು ತನ್ನ ಕಾರಣವನ್ನೇ ಕೈಬಿಡುತ್ತಾನೆ. ತನ್ನ ದೋಷವನ್ನು ಕಾಣಲು ಕಣ್ಣೇ ಇಲ್ಲದ ವಿಮರ್ಶೆ ಇದು.

ಮುಂದಿನ ವಾರವೇ ಅದು ಗೋಚರಿಸಿತು. ಪವಾಡವನ್ನು ಕಂಡು ಬಂದ ವೈಕಿಂಗ್ಸ್ ಫಿಲಡೆಲ್ಫಿಯಾದಲ್ಲಿ ಪರಸ್ಥಳದವರಾಗಿದ್ದರೂ ಗೆರೆಯ ಲೆಕ್ಕದಲ್ಲಿ ಬಲಿಷ್ಠರೆನಿಸಿಕೊಂಡರು. ಸೋತದ್ದು 38-7ರಿಂದ.

ನನ್ನ ಯುವಕ ಅಂದು ಬಾಜಿ ಕಟ್ಟಿದ್ದ. ಆ ಕಾಲಕ್ಕೆ ಒಂಟಿ ಪಂದ್ಯದ ಮೇಲಿನ ಬಾಜಿಗೆ ನೆವಾಡ ರಾಜ್ಯವೊಂದರಲ್ಲೇ ಕಾನೂನಿನ ಆಸರೆ. ಇವನದು ಆಫೀಸಿನ ಗೆಳೆಯನೊಡನೆ ಬಾಯಿಮಾತಿನ ನೂರು ಡಾಲರ್. ವೈಕಿಂಗ್ಸ್ ಪರ, ಐದೂವರೆ ಬಿಟ್ಟುಕೊಟ್ಟು. ಆರು ವರ್ಷಗಳಿಂದ ಅವನು ಬೆಂಬಲಿಸಿದ ತಂಡವದು. ಡಿಗ್ಸ್ ಗೆರೆ ದಾಟಿದಾಗ ಕೋಣೆಯಲ್ಲಿದ್ದವರೆಲ್ಲ ಕುಣಿದರು, ಒಬ್ಬ ಗೆಳೆಯ ಅತ್ತುಬಿಟ್ಟ. “ನಾನು ಮಾತ್ರ ಸುಮ್ಮನೆ ಕುಳಿತು ಒದೆಯುತ್ತಾರೋ ಇಲ್ಲವೋ ಎಂದು ಟಿ.ವಿ. ನೋಡುತ್ತಿದ್ದೆ ಫಾದರ್. ಮೊಣಕಾಲೂರಿದಾಗ ಬಾಯಿಂದ ಬೈಗುಳ ಬಂತು” ಎಂದ. ನೂರು ಡಾಲರ್ ಅವನಿಗೆ ದೊಡ್ಡ ಮೊತ್ತವಲ್ಲ. ಆ ಸಂಜೆ ಮತ್ತೆ ಬರುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಹೇಳುವಾಗ ಕಣ್ಣು ತಪ್ಪಿಸಿದ. ಗೆರೆಯನ್ನು ಪಠ್ಯವಾಗಿ ಓದಲು ಕಲಿತವನಿಗೆ ಆಟ ಕಾಣದೆ ಹೋಗುತ್ತದೆ ಎಂದು ಅಂದು ನನಗೆ ಹೇಳಲು ತಿಳಿಯಲಿಲ್ಲ.

ಆ ಬಳಿಕ ಏನೇನೋ ಬದಲಾಯಿತು. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾಬಾಜಿಯನ್ನು ತಡೆದಿದ್ದ 1992ರ ಕಾಯ್ದೆಯನ್ನು ರದ್ದುಮಾಡಿತು; ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಬಾಜಿ ಕಾನೂನುಬದ್ಧವಾಯಿತು. 1963ರಲ್ಲಿ ಬಾಜಿ ಕಟ್ಟಿದ ಅಪರಾಧಕ್ಕೆ ಪಾಲ್ ಹಾರ್ನಂಗ್, ಅಲೆಕ್ಸ್ ಕ್ಯಾರಸ್‌ರಂಥ ತಾರೆಯರನ್ನು ಅಮಾನತಿನಲ್ಲಿಟ್ಟಿದ್ದ ಲೀಗು 2021ರಲ್ಲಿ ಬಾಜಿ ಕಂಪನಿಗಳನ್ನೇ ಅಧಿಕೃತ ಪಾಲುದಾರರನ್ನಾಗಿ ಮಾಡಿಕೊಂಡಿತು. 2024ರ ಸೂಪರ್ ಬೌಲ್ ಲಾಸ್ ವೇಗಸ್‌ನಲ್ಲಿಯೇ ನಡೆಯಿತು. ಆಟಗಾರ ಬಾಜಿ ಕಟ್ಟಿದರೆ ಶಿಕ್ಷೆ ಮಾತ್ರ ಉಳಿದುಕೊಂಡಿದೆ. 2022ರಲ್ಲಿ ಕ್ಯಾಲ್ವಿನ್ ರಿಡ್ಲಿ ಅದಕ್ಕಾಗಿ ಒಂದು ಪೂರ್ಣ ಋತುವನ್ನು ಕಳೆದುಕೊಂಡ.

‘ಜೂಜಲ್ಲ, ವಿಶ್ಲೇಷಣೆ’ ಎಂಬ ವಾದ ನಮ್ಮಲ್ಲಿಯೂ ಕೌಶಲದ ಆಟವೆಂಬ ಹೆಸರಿನಲ್ಲಿ ಮೊಳಗಿದೆ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟು 2022ರಲ್ಲಿ ತಳ್ಳಿಹಾಕಿದಾಗ ಚರ್ಚೆ ನಿಂತದ್ದು ಅದರ ಮೇಲೆಯೇ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ಮಾಡುವಾಗ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿರಿಸಿತು. ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬಾಜಿಯನ್ನು ತನ್ನಷ್ಟಕ್ಕೇ ಅನ್ಯಾಯವೆಂದು ಹೇಳಿಲ್ಲ. ತನ್ನ ಮತ್ತು ಇತರರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದಾಗ ಒಪ್ಪಲಾಗದು, ಅದರ ಗೀಳು ದಾಸ್ಯವಾಗಬಲ್ಲದು ಎನ್ನುತ್ತದೆ. ಧರ್ಮಕೇಂದ್ರದ ಹಬ್ಬಗಳಲ್ಲಿ ಹೌಸಿ ಹೌಸಿ ಆಡಿಸಿ, ಲಕ್ಕಿ ಡ್ರಾ ಚೀಟಿ ಮಾರಿಸಿದ ನನ್ನಂಥವರು ಇದಕ್ಕಿಂತ ಗಟ್ಟಿಯಾಗಿ ಮಾತನಾಡುವುದು ಕಷ್ಟ.

ಮೊಣಕಾಲೂರುವ ಆ ನಿಯಮವನ್ನು ಲೀಗು 2018ರ ಮಾರ್ಚ್ ತಿಂಗಳಲ್ಲೇ ತೆಗೆದುಹಾಕಿತು. ಈಗ ಅಂಥ ಟಚ್‌ಡೌನಿನೊಂದಿಗೆ ಪಂದ್ಯ ಮುಗಿಯುತ್ತದೆ.

ಆ ದಿನ ಒಳಗಿನಿಂದ ಮರಳಿ ಬಂದು ನಿಂತ ಸೇಂಟ್ಸ್ ಆಟಗಾರರಲ್ಲಿ ಥಾಮಸ್ ಮೋರ್ಸ್ಟೆಡ್ ಒಬ್ಬ. ಚೆಂಡನ್ನು ದೂರಕ್ಕೆ ಒದೆಯುವುದಷ್ಟೇ ಅವನ ಕೆಲಸ. ಪಂದ್ಯದ ಆರಂಭದಲ್ಲೇ ಎದುರಾಳಿಯೊಬ್ಬನನ್ನು ಕೆಡವುವಾಗ ಪಕ್ಕೆಲುಬಿನ ಬಳಿ ಗಾಯವಾಗಿತ್ತು. ಆ ನೋವಿನಲ್ಲೇ ಆಡಿ, ಸೋತ ಮೇಲೂ ಅರ್ಥವಿಲ್ಲದ ಒಂದು ಶಾಸ್ತ್ರಕ್ಕಾಗಿ ಹೊರಬಂದ. ಇದನ್ನು ಗಮನಿಸಿದ ವೈಕಿಂಗ್ಸ್ ಅಭಿಮಾನಿಗಳು ಎದುರು ತಂಡದವನಾದ ಅವನ ದತ್ತಿ ಸಂಸ್ಥೆಗೆ ಹಣ ಕಳುಹಿಸತೊಡಗಿದರು. ಎರಡು ಲಕ್ಷ ಡಾಲರಿಗೂ ಹೆಚ್ಚು ಸೇರಿತು. ಸೂಪರ್ ಬೌಲ್ ವಾರದಲ್ಲಿ ಮೋರ್ಸ್ಟೆಡ್ ಮಿನಿಯಾಪೊಲಿಸ್‌ಗೆ ಬಂದು ಅದನ್ನು ಅಲ್ಲಿನ ಮಕ್ಕಳ ಆಸ್ಪತ್ರೆಗೇ ಕೊಟ್ಟ.

ಯುವಕ ಹೊರಡುವಾಗ, ಬಾಗಿಲ ಬಳಿ ನಿಂತು, ತಾನೂ ಆರು ಡಾಲರ್ ಕಳುಹಿಸಿದ್ದೆನೆಂದ. ಆರೇ ಏಕೆ ಎಂದು ಕೇಳಿದೆ. ಮೋರ್ಸ್ಟೆಡ್‌ನ ಅಂಗಿಯ ಸಂಖ್ಯೆ ಆರು ಫಾದರ್, ಎಂದ. ಅವನು ಹೋದ ಮೇಲೆ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ತಿರುವಿದೆ. ಮೋರ್ಸ್ಟೆಡ್‌ನ ಹೆಸರು ಎಲ್ಲಿಯೂ ಸಿಗಲಿಲ್ಲ.